ಅಳಿವೆಯ ಆರೋಗ್ಯವನ್ನು ಕೆಸರಿನಲ್ಲಿ ಹುಡುಕಬೇಕು

ಕಾರವಾರದಲ್ಲಿ ಕಡಲಿನ ಸ್ಥಿತಿಗತಿಯ ಮಾತು ಬಂದಾಗಲೆಲ್ಲ ಜನ ಮೊದಲು ಕೇಳುವುದು ನೀರಿನ ಪರೀಕ್ಷೆಯ ವರದಿಯನ್ನು. ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು, ಬಂದ ಅಂಕಿಗಳನ್ನು ಮಾನದಂಡದ ಪಕ್ಕದಲ್ಲಿಟ್ಟು ಕಡಲು ಚೆನ್ನಾಗಿದೆ ಅಥವಾ ಕೆಟ್ಟಿದೆ ಎಂದು ತೀರ್ಮಾನಿಸುವುದು ರೂಢಿಯಾಗಿಬಿಟ್ಟಿದೆ. ಇದೇ ಊರಿನಲ್ಲಿ ಕಡಲಜೀವಶಾಸ್ತ್ರ ಓದಿ, ಕಾಳಿ ಮತ್ತು ಅಘನಾಶಿನಿ ನದಿಗಳ ಅಳಿವೆಗಳ, ಅಂದರೆ ಅವು ಕಡಲು ಸೇರುವ ಜಾಗಗಳ, ಕೆಸರನ್ನು ಜರಡಿ ಹಿಡಿದು ನೋಡಿದ ನನಗೆ ಈ ರೂಢಿ ಸಾಲದು ಎಂಬುದು ದೃಢವಾಗಿದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಕರಾವಳಿಯ ನೀರನ್ನು ಬಳಕೆಗೆ ಅನುಗುಣವಾಗಿ ಐದು ವರ್ಗಗಳಾಗಿ ವಿಂಗಡಿಸಿದೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಮಿಗಿಂತ ಕಡಿಮೆ ಇರಬಾರದು, ಬಿಒಡಿ (ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು, ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 100ರ ಒಳಗಿರಬೇಕು. ಕೊಳಚೆ ಕಡಲು ಸೇರುವಲ್ಲಿ ಮಕ್ಕಳು ನೀರಿಗಿಳಿಯಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಎಣಿಕೆಯಿಂದಲೇ. ಆದರೆ ಇದು ನಮ್ಮ ಬಳಕೆಗೆ ನೀರು ಆಗುತ್ತದೆಯೇ ಎಂದು ಹೇಳುತ್ತದೆಯೇ ಹೊರತು, ಅಲ್ಲಿಯ ಜೀವಿಗಳು ಹೇಗಿವೆ ಎಂದು ಹೇಳುವುದಿಲ್ಲ. ಭರತದ ನೀರು ಬೇರೆ, ಇಳಿತದ ನೀರು ಬೇರೆ. ಅಲ್ಲದೆ ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಆಳದಿಂದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ತಾನಾಗಿಯೇ ದಂಡೆಯತ್ತ ಏರಿ ಬರುತ್ತದೆ. ಆಗಸ್ಟ್-ಸೆಪ್ಟೆಂಬರಿನಲ್ಲಿ ತಳದ ನೀರನ್ನಷ್ಟೇ ಅಳೆದವರು, ಪ್ರಕೃತಿಯ ಈ ವಾರ್ಷಿಕ ಕ್ರಮವನ್ನೇ ಮನುಷ್ಯನ ಮಾಲಿನ್ಯವೆಂದು ಬಗೆಯುವ ಸಾಧ್ಯತೆ ಇದೆ.

ಕೆಸರಿನ ಜೀವಿಗಳು ನೀರಿನೊಂದಿಗೆ ಹರಿದುಹೋಗುವುದಿಲ್ಲ. ತಿಂಗಳುಗಟ್ಟಲೆ ಮೇಲಿಂದ ಬಿದ್ದುದೆಲ್ಲವನ್ನೂ ಅವು ಇದ್ದಲ್ಲಿಯೇ ಸಹಿಸಬೇಕು. ದೋಣಿಯಿಂದ ಗ್ರ್ಯಾಬ್ ಎಂಬ, ತಳದ ಕೆಸರನ್ನು ಬಾಚುವ ಸಾಧನವನ್ನು ಇಳಿಸಿ ಎತ್ತಿದ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಾಕಿ ನಿಧಾನವಾಗಿ ನೀರು ಬಿಡುತ್ತ ಹೋದರೆ, ಮಣ್ಣು ಕರಗಿ ಕೆಳಗಿಳಿದ ಮೇಲೆ ಉಗುರಿನಷ್ಟು ಚಿಕ್ಕ ಬೆಳಚು (ಎರಡು ಚಿಪ್ಪಿನ ಮೃದ್ವಂಗಿ), ಮರಳಿನ ಕೊಳವೆಯೊಳಗೆ ಮುದುಡಿಕೊಂಡ ಹುಳು, ಅಕ್ಕಿಕಾಳಿಗಿಂತ ಸಣ್ಣ ಸಿಗಡಿಯಂಥ ಪ್ರಾಣಿಗಳು ಉಳಿಯುತ್ತವೆ. ಸಾವಯವ ಕೊಳೆ ಅತಿಯಾದ ಕಡೆ ಈ ವೈವಿಧ್ಯವೆಲ್ಲ ಹೋಗಿ, ಕೆಂಪು ದಾರದ ತುಂಡುಗಳಂತೆ ಕ್ಯಾಪಿಟೆಲ್ಲಾ ಹುಳುಗಳೇ ರಾಶಿಯಾಗಿ ಉಳಿದಿರುತ್ತವೆ. ಸ್ಪೇನಿನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಆಂಬಿ ಎಂಬ ಸೂಚ್ಯಂಕ ಇದೇ ತತ್ತ್ವದ್ದು: ತಳದ ಜೀವಿಗಳನ್ನು ಮಾಲಿನ್ಯ ಸಹಿಸುವ ಶಕ್ತಿಗನುಸಾರ ಐದು ಗುಂಪು ಮಾಡಿ, ಯಾವ ಗುಂಪು ಎಷ್ಟಿದೆ ಎಂಬುದರಿಂದ ಅಂಕ ಕೊಡಲಾಗುತ್ತದೆ.

ಆದರೆ ಯುರೋಪಿನ ಅಳತೆಗೋಲನ್ನು ಹಾಗೆಯೇ ತಂದು ನಮ್ಮ ಅಳಿವೆಗೆ ಹಿಡಿಯುವುದು ಸರಿಯಲ್ಲ. ಜೂನ್-ಜುಲೈ ತಿಂಗಳಲ್ಲಿ ಘಟ್ಟದ ನೀರು ಇಳಿದು ಬಂದಾಗ ಅಳಿವೆಯ ಉಪ್ಪಿನಂಶ ಬಹುತೇಕ ಇಲ್ಲವಾಗಿ, ಆರೋಗ್ಯವಂತ ಅಳಿವೆಯಲ್ಲೂ ತಳದ ಜೀವಿಗಳು ವಿರಳವಾಗುತ್ತವೆ, ಮಳೆ ಮುಗಿದ ಮೇಲೆ ಮತ್ತೆ ನೆಲೆಯೂರುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬೀರುವುದೂ ಸಹಜವೇ. ಹಾಗಾಗಿ ಹೋಲಿಕೆಗೆ ಬೇಕಾದ ಅಳಿವೆಯನ್ನು ಇಲ್ಲಿಯೇ ಆರಿಸಿಕೊಳ್ಳಬೇಕು. ಅದೃಷ್ಟವಶಾತ್ ನಮ್ಮ ಜಿಲ್ಲೆಯಲ್ಲಿ ಅಂಥದೊಂದು ಇದೆ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮನ್ನಣೆ, ದೊರೆತಿದೆ. ಬೆಳಚು, ಉಪ್ಪುನೀರು ತಡೆಯುವ ಕಗ್ಗ ಭತ್ತದ ಗಜನಿ ಗದ್ದೆಗಳು, ಸಾಣಿಕಟ್ಟೆಯ ಉಪ್ಪು, ಇವೆಲ್ಲ ಅದೇ ನೀರನ್ನು ನಂಬಿಕೊಂಡಿವೆ.

ಪಕ್ಕದ ಶರಾವತಿಯನ್ನು ನೋಡಿದಾಗ ಬಾಟಲಿ ನೀರಿನ ಪರೀಕ್ಷೆ ಎಲ್ಲಿ ಸೋಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ. 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರು ವಿದ್ಯುದಾಗಾರಗಳನ್ನು ದಾಟಿ, ಗೇರುಸೊಪ್ಪೆಯ ಮೂಲಕ ಬೇಸಿಗೆಯಲ್ಲೂ ಹೊನ್ನಾವರದತ್ತ ಹರಿಯುತ್ತದೆ. ಬೇಸಿಗೆಯಲ್ಲಿ ಉಪ್ಪಾಗಬೇಕಾದ ನೀರು ಸಪ್ಪೆಯಾಗಿಯೇ ಉಳಿದರೆ ಬೆಳಚಿಗೆ ಬದುಕಿಲ್ಲ. ಅಲ್ಲಿಯ ನೀರು ಬಿಒಡಿ, ಕೋಲಿಫಾರ್ಮ್ ಎರಡರಲ್ಲೂ ಉತ್ತೀರ್ಣವಾದರೂ ಅಳಿವೆ ತನ್ನ ಜೀವಿಗಳನ್ನು ಕಳೆದುಕೊಂಡಿರಬಹುದು. ಅಘನಾಶಿನಿಯ ದಂಡೆಯಲ್ಲಿ ಇಳಿತದ ಹೊತ್ತಿಗೆ ಬೆಳಚು ಆರಿಸುತ್ತಿದ್ದ ಹಿರಿಯಕ್ಕ ಒಬ್ಬರು ನನಗೆ ಹೇಳಿದ್ದು ಇದನ್ನೇ: “ತಮಾ, ನೀರು ಸಪ್ಪೆ ಆದ್ರೆ ಬೆಳಚು ಬಾಯಿ ಬಿಡ್ತದೆ.” ಸಾಯುವ ಬೆಳಚಿನ ಚಿಪ್ಪು ತೆರೆದುಕೊಳ್ಳುತ್ತದೆ, ಆ ಲಕ್ಷಣವನ್ನು ದಿನವೂ ಗಮನಿಸುವವರ ಅನುಭವಕ್ಕೆ ಯಾವ ಅಧಿಕೃತ ವರದಿಯಲ್ಲೂ ಒಂದು ಅಂಕಣವಿಲ್ಲದಿರುವುದು ನನಗೆ ನೋವಿನ ಸಂಗತಿ.

ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ಹೊತ್ತ ಕಾಳಿಗೂ ಇದೇ ಪ್ರಶ್ನೆ ಕೇಳಬೇಕಾಗಿದೆ. ಅದರ ಮೇಲೆ ಮರಳುಗಾರಿಕೆ, ಊರಿನ ಕೊಳಚೆ, ಬಂದರಿನ ಹೂಳೆತ್ತುವಿಕೆ ಸೇರಿರುವುದರಿಂದ, ಯಾವ ಹಾನಿ ಯಾವುದರಿಂದ ಎಂದು ಬಿಡಿಸಿ ನೋಡದೆ ಪರಿಹಾರ ಹೇಳಲಾಗದು. ಕಾಳಿ, ಅಘನಾಶಿನಿ, ಶರಾವತಿ ಮೂರರಲ್ಲೂ ಒಂದೇ ವಾರದಲ್ಲಿ, ಡಿಸೆಂಬರಿನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ, ಒಂದೇ ಅಳತೆಯ ಜರಡಿಯಲ್ಲಿ ಕೆಸರು ಸೋಸಿ, ಉಪ್ಪಿನಂಶವನ್ನೂ ಅಂದಿನ ಬೆಳಚಿನ ಇಳುವರಿಯನ್ನೂ ಬರೆದಿಡುವ ಕೆಲಸವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ಮಾಡಬಲ್ಲರು. ಅದಕ್ಕೆ ಬೇಕಾಗುವುದು ಒಂದು ದೋಣಿ, ಗ್ರ್ಯಾಬ್, ಜರಡಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್, ಮತ್ತು ವರ್ಷ ವರ್ಷವೂ ಅದೇ ಜಾಗಕ್ಕೆ ಮರಳಿ ಹೋಗುವ ಏರ್ಪಾಡು.