ಬೈಲಾ: ‘ಉಪ’ ಎಂದು ತಿಳಿದು ಎಡವಿದ್ದು

ಹಳ್ಳಿಯೊಂದರ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿ ಸೇರಿದ ಹೊಸದರಲ್ಲಿ, ಪ್ರವೇಶ ಶುಲ್ಕವನ್ನು ಹೆಚ್ಚಿಸಲು ಸಂಘದ ಆಡಳಿತದ ಕಟ್ಟಳೆಯಾದ ಬೈಲಾಕ್ಕೆ (ಕನ್ನಡದಲ್ಲಿ ಉಪವಿಧಿ) ತಿದ್ದುಪಡಿ ಮಾಡಬೇಕೆಂದು ಮಹಾಸಭೆ ಠರಾವು ಮಾಡಿತು. ನಡಾವಳಿ ಪುಸ್ತಕದಲ್ಲಿ ಠರಾವು ಬರೆದ ಮರುವಾರವೇ ನಾನು ಹೊಸ ದರದ ರಸೀದಿ ಹರಿಯತೊಡಗಿದೆ. ವರ್ಷದ ಕೊನೆಗೆ ಲೆಕ್ಕಪರಿಶೋಧಕರು ಆ ರಸೀದಿಗಳ ಮೇಲೆ ಬೆರಳಿಟ್ಟು, ‘ತಿದ್ದುಪಡಿ ನೋಂದಣಿಯಾಗಿದೆಯೇ?’ ಎಂದು ಕೇಳಿದರು. ಕರ್ನಾಟಕ ಸಹಕಾರ ಸಂಘಗಳ 1959ರ ಅಧಿನಿಯಮದ 12ನೇ ಪ್ರಕರಣದ ಪ್ರಕಾರ, ನೋಂದಣಿಯಾಗುವವರೆಗೆ ಯಾವ ತಿದ್ದುಪಡಿಯೂ ಸಿಂಧುವಾಗುವುದಿಲ್ಲ. ಹೆಚ್ಚಿಗೆ ಪಡೆದ ಹಣವನ್ನು ಸದಸ್ಯರ ಮನೆಮನೆಗೆ ಹೋಗಿ ಹಿಂದಿರುಗಿಸಿದೆ.

ಅಧಿನಿಯಮ ದೊಡ್ಡದು, ನಿಯಮ ಅದರ ಕೆಳಗಿನದು, ಉಪವಿಧಿಯೋ ಕೇವಲ ‘ಉಪ’ ಎಂದು ನಾನು ಭಾವಿಸಿದ್ದೇ ಈ ಅವಸರದ ಮೂಲ. ಆ ಮೇಲೆ ಬೈಲಾ ಎಂಬ ಪದದ ಹಿನ್ನೆಲೆಯನ್ನು ಹುಡುಕಿ ಓದಿದೆ. 9ನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಡೇನ್ ಜನರ ನುಡಿಯಲ್ಲಿ ‘ಬಿ’ ಎಂದರೆ ಊರು. ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ ಎಂಬ ಊರ ಹೆಸರುಗಳ ಕೊನೆಯಲ್ಲಿ ಅದು ಇಂದಿಗೂ ಉಳಿದಿದೆ. ‘ಲಾ’ ಕೂಡ ಅವರಿಂದಲೇ ಬಂದ ಪದ, ನೆಲೆಗೊಳಿಸಿಟ್ಟದ್ದು ಎಂಬುದು ಅದರ ಮೂಲಾರ್ಥ. ಹೀಗೆ ನೋಡಿದರೆ ಬೈಲಾ ಎಂದರೆ ಊರವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಕೊಯ್ಲಾದ ಹೊಲಕ್ಕೆ ದನ ಬಿಡುವುದು ಎಂದಿನಿಂದ, ಬಿದ್ದ ತೆನೆಯನ್ನು ಯಾರು ಆಯಬಹುದು ಎಂಬಂಥ ಸಂಗತಿಗಳನ್ನು ಅಲ್ಲಿನ ಹಳ್ಳಿಗಳು ಇಂಥ ಕಟ್ಟಳೆಗಳಿಂದಲೇ ತೀರ್ಮಾನಿಸಿಕೊಳ್ಳುತ್ತಿದ್ದವು. ಇಂಗ್ಲಿಷಿನಲ್ಲಿ ‘ಪಕ್ಕದ’, ‘ಅಧೀನದ’ ಎಂಬ ಅರ್ಥದ ‘ಬೈ’ ಜೊತೆ ಇದು ಬೆರೆತು ಹೋದದ್ದು ಆಮೇಲೆ. ನಮ್ಮ ‘ಉಪವಿಧಿ’ಯಲ್ಲಿ ಕಾಣುವುದೂ ಆ ಎರಡನೆಯ ಅರ್ಥವೇ. ಕಟ್ಟುಪಾಡು ಎಂಬ ನಮ್ಮ ಹಳೆಯ ಮಾತು ಮೂಲಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ.

ಅಧಿನಿಯಮಕ್ಕೆ ವಿರುದ್ಧವಾಗಿ ಬೈಲಾ ನಿಲ್ಲಲಾರದು, ನಿಜ. ಆದರೆ ಆ ಮಿತಿಯೊಳಗೆ ಸಾಲ ಯಾರಿಗೆ, ಷೇರು ಎಷ್ಟು, ಸಭೆಯ ಕೋರಂ ಎಷ್ಟು ಎಂಬುದಕ್ಕೆ ನಾವು ದಿನವೂ ತೆರೆಯುವುದು ಅದನ್ನೇ. ಈಗ ಹೊಸ ಸಿಬ್ಬಂದಿ ಬಂದರೆ ಮೊದಲು ನಮ್ಮ ಹಳೆಯ ಬೈಲಾ ಪ್ರತಿಯ ಕೊನೆಯ ಹಾಳೆಯನ್ನು ತೋರಿಸುತ್ತೇನೆ: ಮೇಲೆ ಸಂಘಗಳನ್ನೂ ಬೈಲಾಗಳನ್ನೂ ನೋಂದಾಯಿಸುವ ನಿಬಂಧಕರ ಕಚೇರಿಯ ಮೊಹರು, ಕೆಳಗೆ ಸಂಘ ಕಟ್ಟಿದ ರೈತರ ಸಹಿಗಳು, ನಡುನಡುವೆ ನೀಲಿ ಶಾಯಿಯ ಹೆಬ್ಬೆಟ್ಟುಗಳು.