ಕಾಗೋಡಿನ ಗದ್ದೆ ಬಯಲಲ್ಲಿ ಒಂದು ಮಧ್ಯಾಹ್ನ

ಜೋಗಕ್ಕೆ ಹೋಗೋರೆಲ್ಲ ಸಾಗರದಲ್ಲಿ ಟೀ ಕುಡ್ದು ಹಾಗೇ ಮುಂದೆ ಹೋಗ್ಬಿಡ್ತಾರೆ, ನಾವು ಈ ಸಲ ಜೋಗ ಬಿಟ್ಟು ಕಾಗೋಡಿಗೆ ಹೋದ್ವಿ. ಅಲ್ಲೇನಿದೆ ನೋಡೋಕೆ ಅಂತ ಆಟೋದವನೇ ಕೇಳ್ದ!

1951ರ ಏಪ್ರಿಲ್‌ನಲ್ಲಿ ಇಲ್ಲಿ ಗೇಣಿ ರೈತರು ಸತ್ಯಾಗ್ರಹ ಶುರು ಮಾಡಿದ್ರು, ಹೆಚ್ಚಿನವರು ದೀವರು ಅನ್ನೋ ಸಮುದಾಯದವರು. ಜಗಳ ಹತ್ತಿದ್ದು ಕೊಳಗದ ವಿಷಯಕ್ಕೆ. ಜಮೀನಿನ ಒಡೆಯರು ಗೇಣಿ ಭತ್ತ ಅಳೆಯೋ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು, ಒಂದೊಂದು ಕೊಳಗಕ್ಕೂ ಚೂರು ಚೂರು ಜಾಸ್ತಿ ಹೋಗ್ತಾ ಹೋಗ್ತಾ ಕಣ ಖಾಲಿಯಾಗೋ ಹೊತ್ತಿಗೆ ರೈತನಿಗೆ ಉಳಿಯೋದೆಷ್ಟು ಲೆಕ್ಕ ಹಾಕಿ. ಎಚ್. ಗಣಪತಿಯಪ್ಪನವರು ರೈತರನ್ನ ಸಂಘ ಕಟ್ಟಿಸಿ ಇದನ್ನ ಕೇಳಿದ್ದಕ್ಕೆ ಒಡೆಯರು ಗದ್ದೆಗೇ ಇಳಿಯಬೇಡಿ ಅಂದ್ರು. ಇವರು ನೇಗಿಲು ಹೊತ್ಕೊಂಡು ಇಳಿಯೋದು, ಪೊಲೀಸರು ಹಿಡ್ಕೊಂಡು ಹೋಗೋದು, ಮಾರನೇ ದಿನ ಇನ್ನೊಂದು ತಂಡ. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತ್ರು, ಜೂನ್‌ನಲ್ಲಿ ಅದೇ ಪಕ್ಷದ ದೊಡ್ಡ ನಾಯಕ ರಾಮಮನೋಹರ ಲೋಹಿಯಾನೇ ಬಂದು ಅರೆಸ್ಟ್ ಆದ್ರು.

ಬಯಲಲ್ಲಿ ಸಿಕ್ಕಿದ ಅಜ್ಜ ಒಬ್ರು ಆಗಿನ್ನೂ ಸಣ್ಣ ಹುಡುಗನಂತೆ. ಹೋರಾಟಕ್ಕಿಂತ ಅವರು ಜಾಸ್ತಿ ಮಾತಾಡಿದ್ದು ಡಿಕ್ಲರೇಶನ್ ಬಗ್ಗೆ, ಅಂದ್ರೆ ಮುಖ್ಯಮಂತ್ರಿ ದೇವರಾಜ ಅರಸು ಕಾಲದಲ್ಲಿ ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಆದ್ಮೇಲೆ, ಗೇಣಿ ಜಮೀನು ತಮ್ಮ ಹೆಸರಿಗೆ ಮಾಡ್ಕೊಡಿ ಅಂತ 7 ನಂಬರ್ ಫಾರಂ ತುಂಬಿ ಭೂ ಟ್ರಿಬ್ಯುನಲ್ಲಿಗೆ ಕೊಟ್ಟಿದ್ದು. "ಅಪ್ಪಯ್ಯಂಗೆ ಸೈ ಹಾಕಕ್ಕೆ ಬರ್ತಿರ್ಲಿಲ್ಲ ತಮಾ, ಹೆಬ್ಬೆಟ್ಟು ಒತ್ತಿ ಬಂದ" ಅಂದ್ರು. ಅಂದ್ರೆ ಚಳವಳಿಗೂ ಹಕ್ಕುಪತ್ರಕ್ಕೂ ನಡುವೆ ಇಪ್ಪತ್ತು ವರ್ಷದ ಮೇಲೆ ಅಂತರ, ಇದನ್ನ ನಾವೆಲ್ಲ ಮರೆತು ಗೆದ್ರು ಅಂತ ಒಂದೇ ಸಾಲಲ್ಲಿ ಮುಗಿಸ್ಬಿಡ್ತೀವಿ.

ಅವರ ಗದ್ದೆ ತೋರಿಸಿ ಅಂದ್ವಿ. ಗದ್ದೆ ಎಲ್ಲಿ, ಅಡಿಕೆ ತೋಟ! ಭತ್ತ ಬೆಳೀತಿದ್ದ ಜಾಗದಲ್ಲಿ ಎರಡು ಸಾಲಿನ ಮಧ್ಯೆ ಆಳದ ಬಸಿಗಾಲುವೆ, ತಳದಲ್ಲಿ ಕೆಂಪು ನೀರು, ಏರಿಮೇಲೆ ಹಾಕಿದ ಹೊಸ ಮಣ್ಣು ಇನ್ನೂ ಕಾಲಿಗೆ ಅಂಟ್ತಿತ್ತು. ನಾಟಿಗೆ ಜನ ಸಿಗಲ್ಲ, ಭತ್ತಕ್ಕೆ ಹಾಕಿದ ದುಡ್ಡೂ ಹುಟ್ಟಲ್ಲ, ಮತ್ತೇನ್ ಮಾಡ್ಲಿ ಅಂತ ಅಜ್ಜ. ತಪ್ಪು ಅನ್ನೋಕೆ ನಮಗೆ ಬಾಯಿ ಬರ್ಲಿಲ್ಲ, ಆದ್ರೆ ಸುಮಾರು ಗರಿಗಳ ಮೇಲೆ ಎಲೆಚುಕ್ಕಿ ರೋಗದ ಹಳದಿ ಕಲೆ ಕಾಣ್ತಿತ್ತು, ಬಯಲಿಡೀ ಒಂದೇ ಬೆಳೆ ನಂಬ್ಕೊಂಡ್ರೆ ಹೇಗೆ ಅಂತ ಭಯ ಆಯ್ತು. ಮನೆಗೆ ಅಕ್ಕಿ? ಸೊಸೈಟಿದು, ಅದು ಸಾಲದೇ ಇದ್ರೆ ಅಂಗಡಿದು ಅಂದ್ರು.

ಹೊರಡೋವಾಗ ಪಕ್ಕದ ತೋಟದವರು ಬಂದು ಜಾಗ ನೋಡೋಕೆ ಬೆಂಗಳೂರಿಂದ ಬಂದೋರಾ ಅಂತ ಕೇಳಿದ್ರು. ಅದೇ ಭೂಸುಧಾರಣೆ ಕಾಯ್ದೆಗೆ 2020ರ ತಿದ್ದುಪಡಿ ಆದ್ಮೇಲೆ ರೈತರಲ್ಲದವರೂ ಜಮೀನು ತಗೋಬಹುದಲ್ಲ, ಕಾರಲ್ಲಿ ಬಂದೋರನ್ನ ಕಂಡ್ರೆ ಈಗ ಮೊದಲ ಪ್ರಶ್ನೆನೇ ಅದಂತೆ.