ಬೋರ್ಡಿನ ಮೇಲಿನ ಬಸ್ಸು

ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಮಗೆ ಸಂಧಿ ಎಂದರೆ ಬಾಯಿಪಾಠ. ಲೋಪ, ಆಗಮ, ಆದೇಶ, ಒಂದೊಂದಕ್ಕೆ ಎರಡು ಉದಾಹರಣೆ, ಮುಗಿಯಿತು. ಆ ವರ್ಷ ಬಂದ ಕನ್ನಡ ಮೇಷ್ಟ್ರು ಪುಸ್ತಕ ಮುಚ್ಚಿಸಿ ಬೋರ್ಡಿನ ಮೇಲೆ ಎರಡೇ ಪದ ಬರೆದರು: ಬಸ್, ಕಾರ್.

"ಮನೇಲಿ ಅಜ್ಜಿ ಇದನ್ನ ಹೇಗೆ ಹೇಳ್ತಾರೆ?"

ಬಸ್ಸು, ಕಾರು ಅಂದೆವು.

"ಕಾರ್ರು ಅಂತ ಯಾಕೆ ಅನ್ನಲ್ಲ?"

ಎಲ್ಲರೂ ಸುಮ್ಮನೆ ಕೂತಿದ್ದೆವು. ಅವರು ಪಕ್ಕದಲ್ಲೇ ಹಳಗನ್ನಡದ ಕಲ್, ಕಾಲ್, ಪಲ್, ಪಾಲ್ ಬರೆದು, ಎದುರಿಗೆ ಕಲ್ಲು, ಕಾಲು, ಹಲ್ಲು, ಹಾಲು ಎಂದು ಬರೆದರು. ಸ್ವರ ಹ್ರಸ್ವವಾದರೆ ಒತ್ತು ಬರುತ್ತದೆ, ದೀರ್ಘವಾದರೆ ಬರಿ ಉ ಸಾಕು. ಶಾಲೆಗೇ ಹೋಗದ ನನ್ನಜ್ಜಿ ಇಂಗ್ಲಿಷಿನಿಂದ ಬಂದ ಪದವನ್ನೂ ಇದೇ ಅಳತೆಯಲ್ಲಿ ಹೊಲಿದು ತನ್ನದು ಮಾಡಿಕೊಂಡಿದ್ದಳು ಅಂತ ಗೊತ್ತಾದಾಗ ನನಗೆ ಮೈ ಜುಂ ಎಂದಿತು.

ಮರುದಿನ ಊರು, ಮಗು, ಕೊಡು. ಊರು ಊರಿಗೆ ಆಗುತ್ತದೆ, ಉ ಬಿದ್ದುಹೋಗುತ್ತದೆ. ಎರಡೂ ಅಕ್ಷರ ಹ್ರಸ್ವವಾದ ಮಗು, ಕರು, ಗುರು ಹಾಗಲ್ಲ, ಮಗುವಿಗೆ, ಕರುವಿಗೆ ಅಂತ ಉ ಗಟ್ಟಿಯಾಗಿ ನಿಂತು ನಡುವೆ ವ ಬರುತ್ತದೆ. ಆದರೆ ಕೊಡು ಕೂಡ ಮಗುವಿನ ಅಳತೆಯದ್ದೇ ಅಲ್ವಾ? ಅದಕ್ಕೆ ಇ ಸೇರಿದರೆ ಕೊಡಿ! ಒಂದು ಹೆಸರು, ಇನ್ನೊಂದು ಕ್ರಿಯಾಪದ. ಸದ್ದು ಬದಲಾಗುವ ಮುಂಚೆ ಪದ ಯಾವ ಜಾತಿಯದ್ದು ಅಂತ ನಮ್ಮ ನಾಲಿಗೆ ನೋಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಕ ಹೋಗಿ ಗ ಬಂತು, ಸರಿ. "ಮಳೆ ಕಡಿಮೆಯಾಯಿತು" ಅನ್ನುವಾಗ ಯಾರೂ ಗಡಿಮೆ ಅನ್ನುವುದಿಲ್ಲ, ಯಾಕೆಂದರೆ ಅಲ್ಲಿ ಎರಡೂ ಸೇರಿ ಒಂದು ಪದ ಆಗಿಲ್ಲ. ಕೇಶಿರಾಜ 13ನೇ ಶತಮಾನದಲ್ಲೇ ತನ್ನ ಕನ್ನಡ ವ್ಯಾಕರಣ ಶಬ್ದಮಣಿದರ್ಪಣದಲ್ಲಿ ಸಂಧಿಗೆ ಒಂದು ಪ್ರಕರಣ ಇಟ್ಟಿದ್ದು ಸುಮ್ನೆ ಅಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಕಂಬನಿ. ಕಣ್ ಮತ್ತು ಪನಿ. ಒಂಟಿಯಾಗಿದ್ದ ಪನಿ ಹನಿಯಾಯಿತು, ಕಣ್ಣಿನ ಜೊತೆ ಸೇರಿದ್ದು ಬನಿಯಾಗಿಯೇ ಉಳಿಯಿತು.

ಮೊನ್ನೆ ಊರಿನ ಅಂಗಡಿಯಲ್ಲಿ ಒಬ್ಬರು, "ಈ ಸಿಮ್ಮಿಗೆ ಕರೆನ್ಸಿ ಹಾಕಪ್ಪಾ, ಆ ಫೋನಿಗೆ ಬೇಡ" ಅಂದರು. ಸಿಮ್ಮು, ಫೋನು! ಸಂಜೆಯೇ ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ರಿಟೈರಾಗಿ ಎಷ್ಟೋ ವರ್ಷವಾಗಿದೆ, ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಿಸಿಕೊಂಡು ಕೇಳಿದರು:

"ಹಾಗಾದ್ರೆ ಚಾರ್ಜರ್ರು ಅಂತ ಯಾಕೆ ಅನ್ನಲ್ಲ? ಕೊನೇ ಸ್ವರ ಹ್ರಸ್ವ ಅಲ್ವೇನೋ?"

"ಉದ್ದದ ಪದ ಸಾರ್, ಬಾಗಿಲು, ಹಗಲು, ಹೆಸರು ಇದ್ದ ಹಾಗೆ" ಅಂದೆ.

"ಕೂತ್ಕೋ, ಕಾಫಿ ಕುಡಿದು ಹೋಗು" ಅಂದರು.